ಬಿದ್ದ ಮರಿ, ನಮ್ಮ ಕೈ

ನಮ್ಮದು ಹುಣಸೂರು ತಾಲ್ಲೂಕಿನ ಒಂದು ಊರು. ಯುಗಾದಿ ಕಳೆದು ಎಂಟು ದಿನ ಆಗಿತ್ತು. ಸಂಜೆ ಹೊತ್ತು. ನಾವು ಹತ್ತು ಹನ್ನೆರಡು ಜನ ಕಲಿಕಾ ಕೇಂದ್ರದ ಜಗಲಿಯಲ್ಲಿ ಓದುತ್ತಾ ಕುಳಿತಿದ್ದೆವು. ಒಬ್ಬ ಹುಡುಗ ಓಡಿ ಬಂದ. ಅವನ ಅಂಗೈಯಲ್ಲಿ ಒಂದು ಹಕ್ಕಿಮರಿ ಇತ್ತು. ಪಿಕಳಾರದ ಮರಿ. ಮೈಮೇಲೆ ಪುಕ್ಕ ಬಂದಿತ್ತು. ಬಾಲ ಮಾತ್ರ ಮೋಟು.

"ಬೇಲಿ ಹತ್ರ ಬಿದ್ದಿತ್ತು. ಹಾರೋಕೆ ಬರಲ್ಲ. ಪಾಪ" ಅಂದ.

ನಮಗೆಲ್ಲ ಕರುಳು ಚುರುಕ್ ಅಂತು. ಒಬ್ಬ ಅಕ್ಕ ಮನೆಗೆ ಹೋಗಿ ಹಾಲು ತಂದಳು. ಹತ್ತಿಯಲ್ಲಿ ಅದ್ದಿ ಮರಿಯ ಬಾಯಿಗೆ ಹಿಂಡಿದಳು. ಇನ್ನೊಬ್ಬರು ಅನ್ನ ಕಿವುಚಿ ಇಟ್ಟರು. ಬೆಕ್ಕು ಬಂದೀತು ಅಂತ ಮರಿಯನ್ನು ತಂತಿಯ ಇಲಿಬೋನಿನಲ್ಲಿ ಇಟ್ಟೆವು. ರಾತ್ರಿ ಒಬ್ಬೊಬ್ಬರೂ ಹೋಗಿ ದೀಪ ಹಿಡಿದು ನೋಡಿದ್ದೇ ನೋಡಿದ್ದು.

ಬೇಲಿಯ ಮೇಲೆ ಎರಡು ದೊಡ್ಡ ಪಿಕಳಾರ ಕತ್ತಲಾಗುವವರೆಗೂ ಕೂಗುತ್ತಿದ್ದವು. ಬಾಯಲ್ಲಿ ಹುಳ ಹಿಡಿದುಕೊಂಡೇ ಆ ಕೊಂಬೆಯಿಂದ ಈ ಕೊಂಬೆಗೆ ಹಾರುತ್ತಿದ್ದವು. ಅವು ಯಾಕೆ ಕೂಗುತ್ತಿವೆ ಅಂತ ನಾವು ಯೋಚಿಸಲಿಲ್ಲ.

ಬೆಳಿಗ್ಗೆ ನೋಡಿದರೆ ಮರಿ ಸತ್ತಿತ್ತು. ಹುಡುಗ ಅತ್ತ. ನಾವು ತಲೆ ತಗ್ಗಿಸಿದೆವು. "ನಾವು ಏನೂ ಕೆಟ್ಟದ್ದು ಮಾಡಲಿಲ್ಲವಲ್ಲ" ಅಂದಳು ಹಾಲು ತಂದ ಅಕ್ಕ.

ಆ ವಾರ ದನಗಳಿಗೆ ಲಸಿಕೆ ಹಾಕಲು ಪಶುವೈದ್ಯರು ಊರಿಗೆ ಬಂದರು. ಅವರಿಗೆ ಎಲ್ಲವನ್ನೂ ಹೇಳಿದೆವು. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಆ ಮರಿಗೆ ಏನಾಗಿತ್ತು?"

ನಮ್ಮಲ್ಲಿ ಉತ್ತರ ಇರಲಿಲ್ಲ. ಯಾಕೆ ಅಂದರೆ ಆ ಮರಿಗೆ ಏನೂ ಆಗಿರಲಿಲ್ಲ. ಅದು ಹಾರಲು ಕಲಿಯುತ್ತಿತ್ತು, ಅಷ್ಟೇ. ಕಲಿಯುವವರನ್ನು ನಾವೇ ಹಿಡಿದು ಬೋನಿಗೆ ಹಾಕಿದ್ದೆವು.

ಅವತ್ತಿನಿಂದ ನಾವು ಈ ವಿಷಯ ಕೇಳಿ, ಓದಿ, ನೋಡಿ ತಿಳಿದುಕೊಂಡೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಬನ್ನಿ, ಒಟ್ಟಿಗೆ ಓದೋಣ.

ಎರಡು ಬಗೆಯ ಮರಿ

ನೆಲದ ಮೇಲೆ ಮರಿ ಕಂಡರೆ ಕೈ ಹಾಕುವ ಮುಂಚೆ ಕಣ್ಣು ಹಾಕಿ. ಮೊದಲು ನೋಡಿ. ಮರಿಗಳಲ್ಲಿ ಎರಡು ಬಗೆ.

ಒಂದು, ಬರಿಮೈ ಮರಿ. ಪುಕ್ಕ ಇಲ್ಲ, ಅಥವಾ ಅಲ್ಲಲ್ಲಿ ಮುಳ್ಳಿನ ಹಾಗೆ ಮೂಡಿದೆ. ಕಣ್ಣು ಮುಚ್ಚಿರಬಹುದು. ನಿಲ್ಲಲು ಆಗದು. ಇದು ಗೂಡಿನಿಂದ ಜಾರಿ ಬಿದ್ದ ಮರಿ. ಇದಕ್ಕೆ ನೆರವು ಬೇಕು.

ಇನ್ನೊಂದು, ಪುಕ್ಕ ಬಂದ ಮರಿ. ಬಾಲ ಮೋಟು. ಕುಪ್ಪಳಿಸುತ್ತದೆ. ಕೊಂಬೆ ಹಿಡಿದು ಕೂರುತ್ತದೆ. ಸ್ವಲ್ಪ ಹಾರಿ ಮತ್ತೆ ಬೀಳುತ್ತದೆ. ಇದು ಬಿದ್ದ ಮರಿ ಅಲ್ಲ. ತಾನೇ ಗೂಡು ಬಿಟ್ಟು ಬಂದ ಮರಿ. ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ, ಇವುಗಳ ಮರಿಗಳು ಚೆನ್ನಾಗಿ ಹಾರಲು ಬರುವ ಮುಂಚೆಯೇ ಗೂಡು ಬಿಡುತ್ತವೆ. ಆಮೇಲೆ ಕೆಲವು ದಿನ ಪೊದೆಯಲ್ಲಿ, ನೆಲದಲ್ಲಿ ಇರುತ್ತವೆ. ತಾಯಿ ತಂದೆ ಅಲ್ಲಿಗೇ ಬಂದು ಉಣಿಸುತ್ತವೆ.

ನಮ್ಮ ಮಗು ನಡಿಗೆ ಕಲಿಯುವಾಗ ಬೀಳುತ್ತದೆ. ಬಿದ್ದ ಮಗುವನ್ನು ಯಾರಾದರೂ ಎತ್ತಿಕೊಂಡು ತಮ್ಮ ಮನೆಗೆ ಹೋಗುತ್ತಾರಾ? ಇದೂ ಹಂಗೇ.

ಪುಕ್ಕ ಬಂದ ಮರಿ ಕಂಡರೆ ಏನು ಮಾಡಬೇಕು? ಅದು ರಸ್ತೆಯಲ್ಲಿದ್ದರೆ, ನಾಯಿ ಬೆಕ್ಕು ಹತ್ತಿರ ಇದ್ದರೆ, ಮೆಲ್ಲಗೆ ಎತ್ತಿ ಪಕ್ಕದ ಪೊದೆಯಲ್ಲೋ ತಗ್ಗು ಕೊಂಬೆಯಲ್ಲೋ ಬಿಡಿ. ದೂರ ಒಯ್ಯಬೇಡಿ. ತಾಯಿ ಅದರ ದನಿ ಕೇಳಿ ಹುಡುಕಿಕೊಂಡು ಬರುತ್ತದೆ. ನಾಯಿ ಕಟ್ಟಿ. ಬೆಕ್ಕನ್ನು ಒಳಗೆ ಕೂಡಿ. ಮಕ್ಕಳನ್ನು ದೂರ ಕರೆಯಿರಿ. ನೀವೂ ದೂರ ಹೋಗಿ. ಮನುಷ್ಯರು ಹತ್ತಿರ ನಿಂತರೆ ತಾಯಿ ಹಕ್ಕಿ ಬರುವುದಿಲ್ಲ.

ಬರಿಮೈ ಮರಿ ಕಂಡರೆ? ಮೇಲೆ ಗೂಡು ಕಾಣುತ್ತಾ ನೋಡಿ. ಕೈಗೆ ಎಟುಕಿದರೆ ಗೂಡಿಗೇ ಮರಿಯನ್ನು ಇಡಿ. ಗೂಡು ಹರಿದು ಬಿದ್ದಿದ್ದರೆ ಒಂದು ಸಣ್ಣ ಬುಟ್ಟಿ ತೆಗೆದುಕೊಳ್ಳಿ. ತಳದಲ್ಲಿ ನೀರು ಸೋರಲು ಸಂದು ಇರಲಿ. ಒಣ ಹುಲ್ಲು ಹಾಸಿ. ಅದನ್ನು ಅದೇ ಮರಕ್ಕೆ, ಹಳೆಯ ಗೂಡಿನ ಹತ್ತಿರ, ನೆರಳಲ್ಲಿ ಕಟ್ಟಿ. ಮರಿಯನ್ನು ಅದರಲ್ಲಿ ಇಡಿ. ಐವತ್ತು ಹೆಜ್ಜೆ ದೂರ ಹೋಗಿ ಕೂತು ನೋಡಿ. ಒಂದೆರಡು ಗಂಟೆ ಕಾದರೂ ತಾಯಿ ತಂದೆ ಬರದಿದ್ದರೆ ಆಗ ಅರಣ್ಯ ಇಲಾಖೆಗೆ ಫೋನು ಮಾಡಿ.

"ಮನುಷ್ಯ ಮುಟ್ಟಿದರೆ ತಾಯಿ ಸೇರಿಸಲ್ಲ" ಅನ್ನೋ ಮಾತು

ಈ ಮಾತು ಎಲ್ಲ ಊರಲ್ಲೂ ಇದೆ. ನಾವೂ ನಂಬಿದ್ದೆವು. ಇದು ನಿಜ ಅಲ್ಲ. ಮೈಗೆ ಮನುಷ್ಯರ ವಾಸನೆ ಅಂಟಿತು ಅಂತ ಹಕ್ಕಿ ತನ್ನ ಮರಿಯನ್ನು ಬಿಡುವುದಿಲ್ಲ. ಮರಿಯ ದನಿ, ತೆರೆದ ಬಾಯಿ, ಇವೇ ತಾಯಿಯನ್ನು ಎಳೆಯುತ್ತವೆ. ಹಾಗಾಗಿ ಮರಿಯನ್ನು ಗೂಡಿಗೆ ಮರಳಿ ಇಡಲು ಹೆದರಬೇಡಿ.

ಆದರೆ ಇನ್ನೊಂದು ಮಾತು ನಿಜ. ಗೂಡಿನ ಹತ್ತಿರ ಪದೇ ಪದೇ ಹೋಗಬಾರದು. ನಾವು ಹೋದ ದಾರಿ ನೋಡಿ ಕಾಗೆ ಬರುತ್ತದೆ, ಬೆಕ್ಕು ಬರುತ್ತದೆ. ತಾಯಿ ಬೆದರಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಬಿಸಿಲಿಗೆ ಬೇಯುತ್ತದೆ.

ಹಾಲು ಬೇಡ, ಬಾಯಿಗೆ ನೀರು ಬೇಡ

ಹಕ್ಕಿ ಹಾಲು ಕುಡಿದು ಬೆಳೆಯುವ ಜೀವ ಅಲ್ಲ. ಹಸುವಿನ ಹಾಲು ಅದಕ್ಕೆ ಅರಗುವುದಿಲ್ಲ. ಬ್ರೆಡ್ಡು, ಬಿಸ್ಕತ್ತು, ಉಪ್ಪು ಹಾಕಿದ ಅನ್ನ ಇವೂ ಬೇಡ. ಪಿಕಳಾರ, ಗುಬ್ಬಿ, ಗೊರವಂಕ ತಮ್ಮ ಮರಿಗಳಿಗೆ ಹುಳ ಹುಪ್ಪಟೆ ತಿನ್ನಿಸುತ್ತವೆ. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಹುಳವೇ ಬೇಕು.

ನೀರಿನ ವಿಷಯ ಇನ್ನೂ ಮುಖ್ಯ. ಹಕ್ಕಿಯ ಬಾಯಿ ತೆರೆದರೆ ನಾಲಿಗೆಯ ಬುಡದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದು ಉಸಿರಿನ ದಾರಿ. ನಾವು ಬಾಯಿಗೆ ನೀರು ಹಿಂಡಿದರೆ ಅದು ಆ ದಾರಿಯಲ್ಲಿ ಇಳಿಯಬಹುದು. ಹಾಗಾದರೆ ಹಕ್ಕಿ ಉಸಿರು ಕಟ್ಟಿ ಸಾಯುತ್ತದೆ. ನಮ್ಮ ಪಿಕಳಾರದ ಮರಿಗೂ ಬಹುಶಃ ಹೀಗೇ ಆಗಿತ್ತು ಅಂತ ವೈದ್ಯರು ಹೇಳಿದರು. ಹಾಲು ತಂದ ಅಕ್ಕ ಅವತ್ತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂದು ಲೆಕ್ಕ ಹಾಕೋಣ. ತಾಯಿ ಹಕ್ಕಿ ಕಾಲು ಗಂಟೆಗೆ ಒಂದು ಸಲ ಹುಳ ತರುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 4 ಸಲ. ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ 12 ಗಂಟೆ. 12 × 4 = 48 ಸಲ. ಹೊಲದ ಕೆಲಸ ಬಿಟ್ಟು ದಿನಕ್ಕೆ 48 ಸಲ ಹುಳ ಹಿಡಿದು ಉಣಿಸಲು ನಮ್ಮಿಂದ ಆಗುತ್ತಾ? ಆಗಲ್ಲ. ತಾಯಿ ಮಾಡುವ ಕೆಲಸ ತಾಯಿಗೇ ಬಿಡಬೇಕು.

ಗಾಯ ಆದ ಹಕ್ಕಿ

ಕೆಲವು ಹಕ್ಕಿಗೆ ನಿಜವಾಗಿ ನೆರವು ಬೇಕು. ಗುರುತು ಹೇಗೆ? ರಕ್ತ ಕಾಣುತ್ತದೆ. ರೆಕ್ಕೆ ಜೋತು ಬಿದ್ದಿದೆ. ಕಾಲು ಮುರಿದಿದೆ. ದಾರದಲ್ಲೋ ಬಲೆಯಲ್ಲೋ ಸಿಕ್ಕಿದೆ. ಕಿಟಕಿಯ ಗಾಜಿಗೆ ಬಡಿದು ಬಿದ್ದಿದೆ. ಬೆಕ್ಕು ಕಚ್ಚಿದೆ. ಬೆಕ್ಕಿನ ಹಲ್ಲಿನ ಗಾಯ ಸಣ್ಣದಾಗಿ ಕಂಡರೂ ಬೇಗ ನಂಜಾಗುತ್ತದೆ. ಅಂಥ ಹಕ್ಕಿಯನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಹೀಗೆ ಮಾಡಿ:

1. ಒಂದು ರಟ್ಟಿನ ಡಬ್ಬಿ ತನ್ನಿ. ಗಾಳಿ ಆಡಲು ಪಕ್ಕದಲ್ಲಿ ತೂತು ಮಾಡಿ. ಹಕ್ಕಿಯನ್ನು ಒಳಗೆ ಇಡುವ ಮೊದಲೇ ತೂತು ಮಾಡಿ.

2. ತಳದಲ್ಲಿ ಹಳೆಯ ಬಟ್ಟೆ ಹಾಸಿ. ಎಳೆ ಬಿಟ್ಟ ಬಟ್ಟೆ ಬೇಡ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ.

3. ಹಕ್ಕಿಯ ಮೇಲೆ ತೆಳು ಟವೆಲು ಹಾಕಿ. ತಲೆ ಮುಚ್ಚಿದರೆ ಅದರ ಗಾಬರಿ ಕಡಿಮೆ ಆಗುತ್ತದೆ. ಎರಡು ಕೈಯಲ್ಲಿ ಮೆಲ್ಲಗೆ ಎತ್ತಿ. ಎದೆ ಅದುಮಬೇಡಿ. ಹಕ್ಕಿಯ ಎದೆ ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು. ಎದೆ ಹಿಸುಕಿದರೆ ಉಸಿರು ನಿಲ್ಲುತ್ತದೆ.

4. ಡಬ್ಬಿ ಮುಚ್ಚಿ ಕತ್ತಲು ಮಾಡಿ. ಸದ್ದಿಲ್ಲದ ನೆರಳಿನ ಜಾಗದಲ್ಲಿ ಇಡಿ. ಟಿವಿ ಬೇಡ, ಮಾತು ಬೇಡ. ಪದೇ ಪದೇ ತೆರೆದು ನೋಡಬೇಡಿ. ತಂತಿಯ ಪಂಜರ ಬೇಡ. ತಂತಿಗೆ ಬಡಿದುಕೊಂಡು ಪುಕ್ಕ ಮುರಿಯುತ್ತದೆ.

5. ಅರಿಶಿನ, ಎಣ್ಣೆ, ಸೀಮೆಎಣ್ಣೆ, ದನದ ಔಷಧಿ ಏನೂ ಹಚ್ಚಬೇಡಿ. ಎಣ್ಣೆ ಅಂಟಿದ ಪುಕ್ಕ ಹಾರಲು ಬಾರದು. ಮುರಿದ ರೆಕ್ಕೆಗೆ ನೀವೇ ಕಡ್ಡಿ ಕಟ್ಟಬೇಡಿ.

6. ಅರಣ್ಯ ಇಲಾಖೆಗೆ ತಿಳಿಸಿ. ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಡಬ್ಬಿಯಲ್ಲೇ ಒಯ್ಯಿರಿ.

ಗಾಜಿಗೆ ಬಡಿದು ಮಂಕಾದ ಹಕ್ಕಿಗೆ ಎಷ್ಟೋ ಸಲ ಡಬ್ಬಿಯ ಕತ್ತಲೇ ಔಷಧಿ. ಒಂದೆರಡು ಗಂಟೆ ಬಿಟ್ಟು ಬಯಲಿಗೆ ಒಯ್ದು ಮುಚ್ಚಳ ತೆಗೆಯಿರಿ. ಹಾರುವುದಾದರೆ ತಾನೇ ಹಾರುತ್ತದೆ. ಮೇಲಕ್ಕೆ ಎಸೆಯಬೇಡಿ.

ನಿಮ್ಮ ಜೋಪಾನವೂ ಮುಖ್ಯ. ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆ ಗಾಬರಿಯಾದರೆ ಕೊಕ್ಕಿನಿಂದ ಕಣ್ಣಿಗೆ ತಿವಿಯುತ್ತವೆ. ಹದ್ದು, ಗೂಬೆ ಉಗುರಿನಿಂದ ಹಿಡಿಯುತ್ತವೆ. ಇಂಥ ಹಕ್ಕಿಯನ್ನು ನೀವೇ ಹಿಡಿಯಲು ಹೋಗಬೇಡಿ. ನವಿಲೂ ಅಷ್ಟೇ. ಹಕ್ಕಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕೆರೆಯ ಅಂಗಳದಲ್ಲಿ ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಲೇಬೇಡಿ. ಕೋಳಿ, ನಾಯಿ ಅತ್ತ ಹೋಗದ ಹಾಗೆ ನೋಡಿಕೊಳ್ಳಿ. ಪಂಚಾಯಿತಿಗೆ, ಪಶು ಆಸ್ಪತ್ರೆಗೆ ತಿಳಿಸಿ. ವಿಷ ಇರಬಹುದು, ಹಕ್ಕಿಜ್ವರ ಇರಬಹುದು. 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣ ಮೈಸೂರಿನ ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಿದ್ದರು.

ಯಾರಿಗೆ ಹೇಳೋದು? ಕಾಯಿದೆ ಏನು ಹೇಳುತ್ತೆ?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ನಾಲ್ಕೇ ಅಂಕಿ. ಬಾಗಿಲ ಹಿಂದೆ ಸುಣ್ಣದಲ್ಲಿ ಬರೆದಿಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಊರಲ್ಲಿ ಅರಣ್ಯ ಇಲಾಖೆಯ ಕಚೇರಿ ಇದೆ. ಫೋನು ಮಾಡಿದಾಗ ಊರಿನ ಹೆಸರು, ಜಾಗ, ಹಕ್ಕಿ ಹೇಗಿದೆ ಅಂತ ಬಿಡಿಸಿ ಹೇಳಿ.

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂತು. ಅದರ ಪ್ರಕಾರ ಕಾಡುಹಕ್ಕಿ ಹಿಡಿಯುವುದು, ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ತಪ್ಪು. ಗಿಣಿಯನ್ನು ಪಂಜರದಲ್ಲಿ ಇಡುವುದೂ ತಪ್ಪು. "ಪ್ರೀತಿಯಿಂದ ಸಾಕ್ತೀವಿ ಸಾರ್" ಅಂದರೂ ತಪ್ಪೇ. ನಮ್ಮೂರ ಹಸಿರು ಗಿಣಿ ಕಾಡುಹಕ್ಕಿ. ಅದರ ಮರಿಯನ್ನು ಮರದ ಪೊಟರೆಯಿಂದ ಕಿತ್ತು ತಂದರೆ ತಾನೇ ಅದು ಸಂತೆಗೆ ಬರುವುದು? ನಾವು ಕೊಂಡರೆ ಕೀಳುವವನಿಗೆ ಕೆಲಸ ಕೊಟ್ಟ ಹಾಗೆ.

ಇನ್ನೊಂದು ಇದೆ. ಪುಣ್ಯ ಬರಲಿ ಅಂತ ಪಂಜರದ ಹಕ್ಕಿಯನ್ನು ದುಡ್ಡು ಕೊಟ್ಟು ಕೊಂಡು ಹಾರಿಬಿಡುವವರು ಇದ್ದಾರೆ. ಮನಸ್ಸು ಒಳ್ಳೆಯದು. ಆದರೆ ಆ ದುಡ್ಡಿನಿಂದ ನಾಳೆ ಇನ್ನೂ ನಾಲ್ಕು ಹಕ್ಕಿಗೆ ಬಲೆ ಬೀಳುತ್ತದೆ. ಕೊಳ್ಳಬೇಡಿ. 1926ಕ್ಕೆ ತಿಳಿಸಿ.

ಹಾಗಂತ ಗಾಯ ಆದ ಹಕ್ಕಿಯನ್ನು ಎತ್ತಲು ಹೆದರಬೇಡಿ. ಎತ್ತಿದ ಮೇಲೆ ಇಟ್ಟುಕೊಳ್ಳಬೇಡಿ. ಬೇಗ ಇಲಾಖೆಗೆ ಒಪ್ಪಿಸಿ. ಅಷ್ಟೇ.

ಕೊಕ್ಕರೆಬೆಳ್ಳೂರಿನ ಪಾಠ

ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ಮದ್ದೂರು ತಾಲ್ಲೂಕು ಇದೆ. ಅಲ್ಲಿ ಶಿಂಷಾ ನದಿಯ ಹತ್ತಿರ ಕೊಕ್ಕರೆಬೆಳ್ಳೂರು ಅನ್ನುವ ಊರಿದೆ. ಅದು ಕಾಡಲ್ಲ, ಮನೆಗಳಿರುವ ಊರು. ಆ ಊರ ಒಳಗಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬ್ರಿಟಿಷರ ಕಾಲದಲ್ಲೇ, 1853ರಲ್ಲಿ, ಜೆರ್ಡನ್ ಎಂಬ ಪಕ್ಷಿ ಪಂಡಿತ ಈ ಭಾಗದ ಹೆಜ್ಜಾರ್ಲೆಗಳ ಬಗ್ಗೆ ಬರೆದಿದ್ದ.

ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಕಲ್ಲು ಹೊಡೆಯುವುದಿಲ್ಲ, ಮರ ಕಡಿಯುವುದಿಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ.

ಹೆಜ್ಜಾರ್ಲೆಯ ಮರಿ ಕೆಲವು ಸಲ ಎತ್ತರದ ಗೂಡಿನಿಂದ ಬೀಳುತ್ತದೆ. ಪಿಕಳಾರದ ಹಾಗೆ ಅಲ್ಲ ಇದು. ದೊಡ್ಡ ಹೆಜ್ಜಾರ್ಲೆ ಊರ ನೆಲಕ್ಕೆ ಇಳಿದು ಬಿದ್ದ ಮರಿಗೆ ಉಣಿಸುವುದಿಲ್ಲ. ಬಿಟ್ಟರೆ ಮರಿ ಸಾಯುತ್ತದೆ. 1994ರಲ್ಲಿ ಮೈಸೂರಿನ ಪ್ರಕೃತಿ ಆಸಕ್ತರ ಜೊತೆ ಸೇರಿ ಊರಿನವರು "ಹೆಜ್ಜಾರ್ಲೆ ಬಳಗ" ಕಟ್ಟಿಕೊಂಡರು. ಬಿದ್ದ ಮರಿಗೆ ಬೇಲಿ ಹಾಕಿದ ಜಾಗ ಮಾಡಿದರು. ಮೀನು ಹಾಕಿ ಸಾಕಿ, ಹಾರುವಷ್ಟು ಬಲಿತ ಮೇಲೆ ಬಿಟ್ಟರು. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಸಾರಿತು.

ಗಮನಿಸಿ. ಅವರು ಮೊದಲು ಹಕ್ಕಿಯ ಸ್ವಭಾವ ತಿಳಿದರು. ಮರಿಗೆ ಹಾಲು ಹಾಕಲಿಲ್ಲ, ಮೀನು ಹಾಕಿದರು. ತಮ್ಮ ಮನೆಗೆ ಒಯ್ಯಲಿಲ್ಲ. ಹಾರುವ ದಿನ ಬಂದಾಗ ಇಟ್ಟುಕೊಳ್ಳಲಿಲ್ಲ.

ಹಸುವಿಗೆ ಔಷಧಿ, ರಣಹದ್ದಿಗೆ ಸಾವು

ಉಪಕಾರ ಹೋಗಿ ಅಪಕಾರ ಆದ ದೊಡ್ಡ ಕತೆ ಇದು. ಹೆಗ್ಗಡದೇವನಕೋಟೆಯ ಕಾಡಂಚಿನ ಹಿರಿಯರನ್ನು ಕೇಳಿ ನೋಡಿ. ಅವರು ಚಿಕ್ಕವರಿದ್ದಾಗ ದನ ಸತ್ತರೆ ರಣಹದ್ದುಗಳು ಹಿಂಡಾಗಿ ಇಳಿಯುತ್ತಿದ್ದವು. ಈಗ ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಕೆಲವು ಉಳಿದಿವೆ. ಉಳಿದವು ಎಲ್ಲಿಗೆ ಹೋದವು?

ನೋವಿನಿಂದ ನರಳುವ ಹಸುವಿಗೆ ಡೈಕ್ಲೋಫೆನಾಕ್ ಎಂಬ ಸೂಜಿಮದ್ದು ಹಾಕುತ್ತಿದ್ದರು. ಹಸುವಿನ ಒಳ್ಳೆಯದಕ್ಕೇ ಹಾಕುತ್ತಿದ್ದರು. ಮದ್ದು ಹಾಕಿಸಿಕೊಂಡ ಹಸು ಒಂದೆರಡು ದಿನದಲ್ಲಿ ಸತ್ತರೆ ಮದ್ದು ಅದರ ಮಾಂಸದಲ್ಲಿ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. 2004ರಲ್ಲಿ ವಿಜ್ಞಾನಿಗಳು ಈ ಕಾರಣ ಪತ್ತೆ ಹಚ್ಚಿದರು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತರ ಹತ್ತಿರ ಇಲ್ಲವಾಗಿದ್ದವು.

2006ರಲ್ಲಿ ದನಗಳಿಗೆ ಈ ಮದ್ದು ಕೊಡುವುದನ್ನು ಸರ್ಕಾರ ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡು ಮದ್ದುಗಳನ್ನೂ ದನಗಳಿಗೆ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ನೋವಿನ ಮದ್ದು ರಣಹದ್ದಿಗೆ ತೊಂದರೆ ಮಾಡುವುದಿಲ್ಲ. ನಾವು ಮಾಡಬೇಕಾದದ್ದು ಇಷ್ಟು: ಮನುಷ್ಯರ ನೋವಿನ ಮಾತ್ರೆ, ಸೂಜಿಮದ್ದನ್ನು ಅಂಗಡಿಯಿಂದ ತಂದು ದನಕ್ಕೆ ಕೊಡಬಾರದು. ಪಶುವೈದ್ಯರನ್ನು ಕೇಳಬೇಕು. ಬಾಟಲಿಯ ಮೇಲಿನ ಹೆಸರನ್ನು ಓದಬೇಕು. ನಾವು ಅಕ್ಷರ ಕಲಿತದ್ದು ಇದಕ್ಕೂ ಆಗುತ್ತದೆ, ಅಲ್ವಾ?

ನೀರು, ಕಾಳು

ಬೇಸಿಗೆಯಲ್ಲಿ ಹಕ್ಕಿಗೆ ನೀರು ಇಡುವುದು ಒಳ್ಳೆಯ ಕೆಲಸ. ಆದರೆ ಇಡುವ ರೀತಿ ಇದೆ. ಅಗಲದ ಮಣ್ಣಿನ ತಟ್ಟೆ ಇಡಿ. ನೀರು ಎರಡು ಬೆರಳು ಆಳ ಸಾಕು. ನಡುವೆ ಒಂದು ಕಲ್ಲು ಇಡಿ. ಸಣ್ಣ ಹಕ್ಕಿ, ಜೇನುಹುಳ ಅದರ ಮೇಲೆ ಕೂತು ಕುಡಿಯುತ್ತವೆ. ಆಳದ ಬಕೆಟ್ಟು, ತೊಟ್ಟಿಯಲ್ಲಿ ಬಿದ್ದರೆ ಮುಳುಗುತ್ತವೆ. ತಟ್ಟೆ ನೆರಳಲ್ಲಿ ಇರಲಿ. ಬೆಕ್ಕು ಅಡಗುವ ಪೊದೆಯ ಪಕ್ಕ ಬೇಡ.

ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ಹಾಕಿ. ಒಂದು ಹಕ್ಕಿಯ ರೋಗ ಕೊಳಕು ತಟ್ಟೆಯಿಂದ ಹತ್ತು ಹಕ್ಕಿಗೆ ಹೋಗುತ್ತದೆ. ತೊಳೆಯಲು ಬಿಡುವಿಲ್ಲದಿದ್ದರೆ ಇಡದಿರುವುದೇ ವಾಸಿ.

ಕಾಳು ಹಾಕುವುದಾದರೆ ರಾಗಿ, ನವಣೆ, ನುಚ್ಚು ಸ್ವಲ್ಪ ಹಾಕಿ. ಬೂಸ್ಟು ಹಿಡಿದ ಕಾಳು ಬೇಡ. ಔಷಧಿ ಸವರಿದ ಬಿತ್ತನೆ ಬೀಜ ಹಕ್ಕಿಗೆ ವಿಷ. ಬಿತ್ತುವಾಗ ಚೆಲ್ಲಿದ ಬೀಜವನ್ನು ಮಣ್ಣಲ್ಲಿ ಮುಚ್ಚಿ. ನವಿಲು ಬಂದು ಹೆಕ್ಕಿ ತಿಂದರೆ ಸಾಯುತ್ತದೆ. ಕಬಿನಿ ಹಿನ್ನೀರಿಗೆ, ಚುಂಚನಕಟ್ಟೆಗೆ ಹೋದಾಗ ಚಿಪ್ಸು, ಮಂಡಕ್ಕಿ ಎಸೆಯಬೇಡಿ.

ನಮ್ಮ ಹೊಲ, ನಮ್ಮ ಮನೆ

ಕೆಲವು ಸಣ್ಣ ಮಾತು ನೆನಪಿಡೋಣ.

ಗೀಜಗನ ಗೂಡು ನೋಡಲು ಚೆಂದ. ಬಾವಿಯ ಮೇಲೆ, ಈಚಲ ಮರದಲ್ಲಿ ತೂಗುತ್ತದೆ. ಮನೆಯ ಅಂದಕ್ಕೆ ಅಂತ ಕಿತ್ತು ತರಬೇಡಿ. ಮಳೆಗಾಲದಲ್ಲಿ ಅದರಲ್ಲಿ ಮೊಟ್ಟೆ ಮರಿ ಇರುತ್ತವೆ.

ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳಿವೆ. ವರ್ಷದಲ್ಲಿ ಹಲವು ತಿಂಗಳು ಅವು ಖಾಲಿ. ಗೋಡೆಯ ತೂತಿನಲ್ಲಿ, ಸೂರಿನಲ್ಲಿ ಹಕ್ಕಿ ಸೇರಿಕೊಂಡಿರಬಹುದು. ಬೆಂಕಿ ಹಾಕುವ ಮೊದಲು ಒಂದು ಸುತ್ತು ನೋಡಿ. ಸೌದೆಗೆ ಮರ ಕಡಿಯುವ ಮೊದಲೂ ತಲೆ ಎತ್ತಿ ನೋಡಿ. ಗೂಡಿದ್ದರೆ ಮರಿ ಹಾರುವವರೆಗೆ ಆ ಮರ ಬಿಡಿ.

ಕೆ.ಆರ್. ನಗರದ ಗದ್ದೆಬಯಲಿನಲ್ಲಿ ಇಲಿ ಕಾಟ ಗೊತ್ತಲ್ಲ? ಗೂಬೆ ರಾತ್ರಿಯೆಲ್ಲ ಇಲಿ ಹಿಡಿಯುತ್ತದೆ. ಅದು ಅಪಶಕುನ ಅಲ್ಲ, ಕೂಲಿ ಕೇಳದ ಕಾವಲುಗಾರ. ಇಲಿ ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ. ಹಗಲಲ್ಲಿ ಗೂಬೆಯನ್ನು ಕಾಗೆಗಳು ಅಟ್ಟಾಡಿಸಿದರೆ ಕಾಗೆ ಓಡಿಸಿ. ಗೂಬೆಯನ್ನು ಅದರ ಪಾಡಿಗೆ ಬಿಡಿ.

ಹರಿದ ಮೀನುಬಲೆ, ಗಾಳದ ದಾರ ಕೆರೆಯಲ್ಲಿ ಬಿಡಬೇಡಿ. ನೀರುಕಾಗೆ ಸಿಕ್ಕಿ ಮುಳುಗುತ್ತದೆ. ಬಲೆಗೆ ಸಿಕ್ಕಿದ ಹಕ್ಕಿಯನ್ನು ಎಳೆಯಬೇಡಿ. ತಲೆಗೆ ಬಟ್ಟೆ ಮುಚ್ಚಿ, ಕತ್ತರಿಯಿಂದ ದಾರವನ್ನೇ ಕತ್ತರಿಸಿ. ಆಷಾಢದ ಗಾಳಿಗೆ ಮಕ್ಕಳು ಪಟ ಬಿಡುತ್ತಾರೆ. ಗಾಜು ಹಚ್ಚಿದ ದಾರ, ನೈಲಾನ್ ದಾರ ಬೇಡ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ನಿಷೇಧಿಸಿದೆ. ಬರಿ ಹತ್ತಿ ದಾರ ಸಾಕು.

ಈ ವರ್ಷ ಏನಾಯಿತು?

ಈ ಸಲ ಬೇಸಿಗೆಯಲ್ಲಿ ಅದೇ ಬೇಲಿಯ ಹತ್ತಿರ ಮತ್ತೊಂದು ಮರಿ ಕಂಡಿತು. ಪುಕ್ಕ ಬಂದಿತ್ತು, ಬಾಲ ಮೋಟು. ಕಂಡವನು ಅದೇ ಹುಡುಗ. ಈ ಸಲ ಅವನು ಮರಿ ತರಲಿಲ್ಲ. ನಮ್ಮನ್ನು ಕರೆದ.

ಒಬ್ಬರು ನಾಯಿ ಕಟ್ಟಿದರು. ಹಾಲು ತಂದಿದ್ದ ಅಕ್ಕ ಮರಿಯನ್ನು ಮೆಲ್ಲಗೆ ಎತ್ತಿ ಲಂಟಾನ ಪೊದೆಯ ಒಳಗೆ ಕೂರಿಸಿದಳು. ಎಲ್ಲರೂ ಹಿಂದೆ ಸರಿದು ಜಗಲಿಯಲ್ಲಿ ಕೂತೆವು. ಕೈ ಕಟ್ಟಿ ಕೂರುವುದು ಬಲು ಕಷ್ಟ. "ಒಂದ್ ಸಲ ನೋಡ್ಕೊಂಡ್ ಬರ್ಲಾ?" ಅಂತ ಹುಡುಗ ಮೂರು ಸಲ ಕೇಳಿದ. "ಬ್ಯಾಡ ಕೂತ್ಕೊಳ್ಳಪ್ಪಾ" ಅಂದೆವು.

ಸ್ವಲ್ಪ ಹೊತ್ತಿಗೆ ಒಂದು ಪಿಕಳಾರ ಬಂತು. ಬಾಯಲ್ಲಿ ಹಸಿರು ಹುಳ ಇತ್ತು. ಅತ್ತ ಇತ್ತ ನೋಡಿ ಪೊದೆಯೊಳಗೆ ನುಗ್ಗಿತು. ಹೊರಗೆ ಬಂದಾಗ ಬಾಯಿ ಬರಿದಾಗಿತ್ತು.

ನಾಲ್ಕನೆಯ ದಿನ ಮರಿ ಪೊದೆಯಲ್ಲಿ ಇರಲಿಲ್ಲ. ಬೇಲಿಯ ಮೇಲೆ ಮೂರು ಪಿಕಳಾರ ಕೂತಿದ್ದವು. ಒಂದರ ಬಾಲ ಇನ್ನೂ ಮೋಟಾಗಿತ್ತು.

ಓದಿ, ಉತ್ತರ ಹೇಳಿ

1. ಬರಿಮೈ ಮರಿಗೂ ಪುಕ್ಕ ಬಂದ ಮರಿಗೂ ಏನು ವ್ಯತ್ಯಾಸ?
2. ಹಕ್ಕಿಯ ಬಾಯಿಗೆ ನೀರು ಯಾಕೆ ಹಿಂಡಬಾರದು?
3. ಕೊಕ್ಕರೆಬೆಳ್ಳೂರಿನವರು ಬಿದ್ದ ಮರಿಗೆ ಏನು ಉಣಿಸಿದರು?
4. ದನಕ್ಕೆ ಕೊಟ್ಟ ಮದ್ದು ರಣಹದ್ದಿಗೆ ಹೇಗೆ ತಲುಪಿತು?

ಸರಿಯೋ ತಪ್ಪೋ ಹೇಳಿ

1. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಸೇರಿಸುವುದಿಲ್ಲ.
2. ಗಾಯ ಆದ ಹಕ್ಕಿಗೆ ಕತ್ತಲ ಡಬ್ಬಿ ಒಳ್ಳೆಯದು.
3. ಪಂಜರದ ಹಕ್ಕಿ ಕೊಂಡು ಬಿಟ್ಟರೆ ಹಕ್ಕಿ ಹಿಡಿಯುವುದು ನಿಲ್ಲುತ್ತದೆ.

ಬರೆಯಿರಿ

ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆಯನ್ನು ಮೂರು ಸಲ ಬರೆಯಿರಿ. ನಿಮ್ಮ ಮನೆಯ ಸುತ್ತ ಕಾಣುವ ಐದು ಹಕ್ಕಿಗಳ ಹೆಸರು ಬರೆಯಿರಿ. ಅವು ಎಲ್ಲಿ ಗೂಡು ಕಟ್ಟುತ್ತವೆ? ನೋಡಿ ಬಂದು ಬರೆಯಿರಿ. ದೂರದಿಂದಲೇ ನೋಡಿ.